ಬ್ರಸೆಲ್ಸಿನ ಆಮ್ಲರಸ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ರಸದ ಸ್ವರೂಪವನ್ನು ಹೇಳಹೊರಟಾಗ ಅವನ ದೃಷ್ಟಿ ಮೊದಲು ಹೋದುದು ಅಡಿಗೆಯ ಮನೆಯ ಕಡೆಗೆ. ಬೆಲ್ಲ, ಓಷಧಿ, ವ್ಯಂಜನಗಳು ಕೂಡಿ ಷಾಡವಾದಿ ರುಚಿಗಳು ಹುಟ್ಟುವಂತೆ ಭಾವಗಳ ಕೂಟದಿಂದ ರಸವು ಹುಟ್ಟುವುದೆಂದೂ, ಸಂಸ್ಕರಿಸಿದ ಅನ್ನವನ್ನು ಉಣ್ಣುವ ಸುಮನಸ್ಕನು ಹೇಗೆ ಹರ್ಷಗೊಳ್ಳುವನೋ ಪ್ರೇಕ್ಷಕನೂ ಹಾಗೆಯೇ ಎಂದೂ ಅವನ ಅಭಿಪ್ರಾಯ. ಮುಂದಿನ ಆಲಂಕಾರಿಕರು ಈ ದೃಷ್ಟಾಂತವನ್ನು ಮೆಟ್ಟಿಲಾಗಿ ಮಾಡಿಕೊಂಡು ಬ್ರಹ್ಮಾಸ್ವಾದದವರೆಗೆ ಏರಿದರು. ಮೆಟ್ಟಿಲನ್ನು ತಿರುಗಿ ನೋಡಿದವರು ಕಡಿಮೆ. ನಾಲಗೆಯ ರುಚಿಗೂ ವಿಮರ್ಶೆಯುಂಟೆ, ಉಂಟಾದರೆ ಅದರ ಒರೆಗಲ್ಲು ಯಾವುದು, ಎಂಬ ಪ್ರಶ್ನೆಯು ಸೂಪಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಬಿಟ್ಟ ಮಾತಾಯಿತು. ಐರೋಪ್ಯರಲ್ಲಿ ಹಾಗಾಗಲಿಲ್ಲ. ಅಲ್ಲಿ ದ್ರಾಕ್ಷಾರಸವನ್ನೂ ಬಿಯರನ್ನೂ ಕುರಿತ ವಿಮರ್ಶೆಯು ಗ್ರಂಥವಿಮರ್ಶೆಯಷ್ಟೇ ದೊಡ್ಡ ವಾಙ್ಮಯವಾಗಿ ಬೆಳೆದಿದೆ. ಅದಕ್ಕೆ ಪರಿಭಾಷೆಯುಂಟು, ಪಂಥಗಳುಂಟು, ಖಂಡನ ಮಂಡನಗಳುಂಟು.

ಮದ್ಯದ ಮಾತು ಸಾಹಿತ್ಯಪತ್ರಿಕೆಗೆ ಏಕೆಂದು ಕೆಲವರು ವಾಚಕರು ಮುಖ ಸಿಂಡರಿಸಬಹುದು. ಚರಕಸಂಹಿತೆಯ ಸೂತ್ರಸ್ಥಾನವು ಎಂಬತ್ತನಾಲ್ಕು ಆಸವಗಳನ್ನು ಎಣಿಸುತ್ತದೆ. ಕೌಟಿಲ್ಯನು ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಮೇದಕ, ಪ್ರಸನ್ನ, ಮೈರೇಯ ಮುಂತಾದುವುಗಳ ಪಾಕವನ್ನು ಅಳತೆ ಸಹಿತ ಕೊಡುತ್ತಾನೆ. ಅವುಗಳನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಕುಡಿಯಲಿಲ್ಲ. ಪಾನದ ಗುಣದೋಷ ಬೇರೆ, ಪಾನವನ್ನು ಕುರಿತ ವಿಚಾರದ ಗುಣದೋಷ ಬೇರೆ. ಈ ಲೇಖನಕ್ಕೆ ವಿಷಯವಾಗಿರುವುದು ಎರಡನೆಯದು. ಮೊದಲನೆಯದನ್ನು ಆಯಾ ಮನೆಯವರ ಆಚಾರಕ್ಕೂ ವಿವೇಕಕ್ಕೂ ಬಿಡುವುದೇ ಲೇಸು.

ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸಿನಲ್ಲಿ, ದಕ್ಷಿಣದ ದೊಡ್ಡ ರೈಲು ನಿಲ್ದಾಣದಿಂದ ಕಾಲ್ನಡೆಯ ದೂರದಲ್ಲಿ, ಆಂಡರ್ಲೆಕ್ಟ್ ಭಾಗದ ಗ್ಯೂಡ್ ಬೀದಿಯಲ್ಲಿ 'ಕಾಂತಿಯೋನ್' ಎಂಬ ಮನೆತನದವರ ಬಿಯರು ಮನೆಯಿದೆ. ೧೯೦೦ರಲ್ಲಿ ಪಾಲ್ ಕಾಂತಿಯೋನ್ ಎಂಬವನು ಇದನ್ನು ಸ್ಥಾಪಿಸಿದನು. ಮೊದಲು ಬೇರೆಯವರು ಕಾಸಿದ್ದನ್ನು ಕೊಂಡು ತಂದು ಬೆರಸುವ ಕೆಲಸ ಮಾತ್ರ ಇಲ್ಲಿ ನಡೆಯುತ್ತಿದ್ದಿತು. ೧೯೩೦ರ ದಶಕದ ಕೊನೆಯಲ್ಲಿ ಅವನ ಮಕ್ಕಳು ತಾವೇ ಕಾಸತೊಡಗಿದರು. ಹೊರಗಿನಿಂದ ನೋಡಿದರೆ ಬೀದಿಯ ಇತರ ಕಟ್ಟಡಗಳಿಗಿಂತ ಹೆಚ್ಚಿನದೇನೂ ಇಲ್ಲ. ಒಳಹೊಕ್ಕವನು ಕಾಸುವ ಕೊಪ್ಪರಿಗೆ, ಧಾನ್ಯದ ಅಟ್ಟ, ಪೀಪಾಯಿಗಳ ಸಾಲು, ಸೀಸೆಗಳ ಒಟ್ಟಲು ಇವುಗಳನ್ನೆಲ್ಲ ನೋಡಿಕೊಂಡು ಕೊನೆಗೆ ಒಂದು ಸಾದಾ ಕೊಠಡಿಗೆ ಬರುತ್ತಾನೆ. ಅಲ್ಲಿ ಮರದ ಮೇಜುಗಳ ಬಳಿ ಅವನಿಗೆ ರುಚಿ ನೋಡಲು ಕೊಡುತ್ತಾರೆ. ಪೀಪಾಯಿಗಳ ನಡುವೆ ಜೇಡರ ಬಲೆಗಳು ತೂಗುತ್ತಿರುವುದನ್ನು ಕಂಡು ಹೊಸಬರು ಬೆರಗಾಗುವುದುಂಟು. ಅವುಗಳನ್ನು ಗುಡಿಸುವ ಪದ್ಧತಿ ಇಲ್ಲ. ಹಣ್ಣಿನ ವಾಸನೆಗೆ ಮುತ್ತುವ ನೊಣಗಳಿಗೆ ಜೇಡವೇ ಕಾವಲುಗಾರ. ಕೀಟನಾಶಕವನ್ನು ಸಿಂಪಡಿಸಿದರೆ ನೊಣದೊಡನೆ ಮನೆಯ ಜೀವವೂ ಹೋದೀತೆಂಬುದು ಅಲ್ಲಿಯವರ ಎಣಿಕೆ.

ಆ ಜೀವವೆಂದರೇನು ಎಂಬುದನ್ನು ತಿಳಿಯಬೇಕಾದರೆ ಪಾಕಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ. ಇಲ್ಲಿ ಆಗುವ ಬಿಯರಿಗೆ 'ಲ್ಯಾಂಬಿಕ್' ಎಂದು ಹೆಸರು. ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ ಸುಮಾರು ಮೂರರಲ್ಲಿ ಎರಡು ಪಾಲು, ಮೊಳಕೆ ಬರಿಸದ ಗೋಧಿ ಒಂದು ಪಾಲು. ಇವನ್ನು ನುಚ್ಚಾಗಿ ಒಡೆದು, ಬಿಸಿನೀರಿನಲ್ಲಿ ಕಲಸಿ, ಸಾರವನ್ನು ಬಸಿದುಕೊಂಡು, ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಗಂಟೆಗಟ್ಟಲೆ ಕುದಿಸುವರು. ಮಿಕ್ಕ ಬಿಯರುಗಳಿಗೆ ಹೊಸ ಹೂವೇ ಶ್ರೇಷ್ಠ. ಕಹಿಯೂ ಪರಿಮಳವೂ ಅದರಿಂದಲೇ ಬರತಕ್ಕವು. ಲ್ಯಾಂಬಿಕ್ಕಿಗೆ ಬೇಕಾದುದು ಎರಡು ಮೂರು ವರ್ಷ ಇಟ್ಟು ಹಳತಾದ ಹೂ. ಕಹಿ ಕುಂದಿ, ಕೆಡದಂತೆ ಕಾಪಾಡುವ ಗುಣ ಮಾತ್ರ ಅದರಲ್ಲಿ ಉಳಿದಿರಬೇಕು. ಇಷ್ಟಾದ ಮೇಲೆ ಕುದಿವ ಸಾರವನ್ನು ಮಾಳಿಗೆಯ ಸೂರಿನ ಕೆಳಗಿರುವ ಅಗಲವಾದ, ಆಳ ಕಡಿಮೆಯಾದ ತಾಮ್ರದ ತೊಟ್ಟಿಗೆ ಏರಿಸುತ್ತಾರೆ. ತೊಟ್ಟಿ ೭,೫೦೦ ಲೀಟರು ಹಿಡಿಯುವಂತಹುದು. ಗೋಡೆಯ ಕಿಂಡಿಗಳನ್ನು ತೆರೆದಿಟ್ಟು ಎಲ್ಲರೂ ಹೊರಟುಹೋಗುತ್ತಾರೆ. ರಾತ್ರಿಯೆಲ್ಲ ಆವಿ ಏಳುತ್ತಿರುತ್ತದೆ, ಗಾಳಿ ಆಡುತ್ತಿರುತ್ತದೆ. ಬೆಳಗಾಗುವ ವೇಳೆಗೆ ಸಾರವು ಇಪ್ಪತ್ತು ಡಿಗ್ರಿಯ ಸುಮಾರಿಗೆ ತಣಿದಿರುವುದು. ಆಗ ಅದನ್ನು ಓಕ್ ಮರದ ಪೀಪಾಯಿಗಳಿಗೆ ತುಂಬುವರು.

ಯೀಸ್ಟನ್ನು ಹಾಕಿದವರಾರು? ಯಾರೂ ಹಾಕಲಿಲ್ಲ. ಇತರ ಬಿಯರು ಮನೆಗಳಲ್ಲಿ ಪ್ರಯೋಗಶಾಲೆಯಲ್ಲಿ ಬೆಳಸಿದ ಒಂದೇ ಜಾತಿಯ ಯೀಸ್ಟನ್ನು ಅಳೆದು ಸೇರಿಸುವರು. ಇಲ್ಲಿ ಗಾಳಿಯಲ್ಲಿಯೂ ಸೂರಿನಲ್ಲಿಯೂ ಮರದ ರಂಧ್ರಗಳಲ್ಲಿಯೂ ನೆಲಸಿರುವ ಜೀವಾಣುಗಳು ತಾವಾಗಿಯೇ ಬಂದು ಸೇರುತ್ತವೆ. ಇಡ್ಲಿಯ ಹಿಟ್ಟನ್ನು ರುಬ್ಬಿ ಮುಚ್ಚಿಟ್ಟು ಮಲಗುವ ಗೃಹಿಣಿಯೂ ಅದಕ್ಕೆ ಏನನ್ನೂ ಹಾಕುವುದಿಲ್ಲ. ಬೆಳಿಗ್ಗೆ ಅದು ಉಬ್ಬಿ ಹುಳಿಯಾಗಿರುತ್ತದೆ. ಎರಡೂ ಒಂದೇ ತತ್ತ್ವವೆಂದು ಹೇಳಬಹುದು. ಆದರೆ ಹಿಟ್ಟಿನ ಕಥೆ ಬೆಳಗಿಗೆ ಮುಗಿಯುತ್ತದೆ. ಲ್ಯಾಂಬಿಕ್ಕಿನ ಕಥೆ ಮೂರು ವರ್ಷ ನಡೆಯುತ್ತದೆ. ನಾಟಕದ ಸಂಧಿಗಳಂತೆ ಒಂದಾದ ಮೇಲೊಂದು ಜೀವಾಣುಕುಲವು ರಂಗಕ್ಕೆ ಬಂದು ತನ್ನ ಕೆಲಸ ಮುಗಿಸಿ ಹಿಂದೆ ಸರಿಯುವುದು. ಮೊದಲು ಬಂದವು ಸಕ್ಕರೆಯನ್ನು ಕರಗಿಸಿ ನೊರೆಯೆಬ್ಬಿಸುತ್ತವೆ; ಆಮೇಲಿನವು ಮೊಸರಿನ ಹುಳಿಯಂತಹ ಆಮ್ಲವನ್ನು ಬಿಡುತ್ತವೆ; ಕೊನೆಯಲ್ಲಿ ಬ್ರೆಟನೊಮೈಸಿಸ್ ಎಂಬ ನಿಧಾನಗಾಮಿ ಯೀಸ್ಟು ಉಳಿದುದನ್ನೆಲ್ಲ ಅರಗಿಸಿ, ಇಂತಹುದೆಂದು ಹೇಳಲಾಗದ ಒಂದು ಗಂಧವನ್ನು ಕೊಡುತ್ತದೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್ ಎಂಬ ಪಂಡಿತನು ೧೯೦೪ರಲ್ಲಿ ಇಂಗ್ಲಿಷರ ಬಿಯರಿನಲ್ಲಿ ಇದನ್ನು ಗುರುತಿಸಿ ಬ್ರಿಟನ್ನಿನ ಹೆಸರನ್ನಿಟ್ಟನು. ಅದರ ಒಂದು ಪ್ರಭೇದಕ್ಕೆ ಬ್ರಸೆಲ್ಸಿನ ಹೆಸರೇ ನಿಂತಿದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ಕುಗಳನ್ನು ಹದವರಿತು ಬೆರಸಿ ಸೀಸೆಗೆ ತುಂಬಿದರೆ, ಎಳೆಯದರಲ್ಲಿ ಉಳಿದಿದ್ದ ಸಕ್ಕರೆ ಸೀಸೆಯೊಳಗೇ ಮತ್ತೆ ಹುದುಗಿ ನೊರೆಗಟ್ಟುವುದು. ಇದೇ 'ಗೂಜ್'. ಆ ಬೆರಕೆಗೆ ಸೂತ್ರವಿಲ್ಲ. ಪ್ರತಿಯೊಂದು ಪೀಪಾಯಿಯ ರುಚಿಯೂ ಬೇರೆಯಾದ ಕಾರಣ ಬೆರಸುವವನ ನಾಲಗೆಯೇ ಪ್ರಮಾಣ.

ಗೂಜ್ ಎಂಬುದು ಮೊದಲ ಗುಟುಕಿಗೆ ಒಲಿಯುವ ಪಾನವಲ್ಲ. ಅದರ ಹುಳಿ ಹಲ್ಲನ್ನು ಚಳಿಗೊಳಿಸುವಂತಹುದು. ಹಿಂದೆಯೇ ಓಕ್ ಮರದ ಒಗರು ಬರುತ್ತದೆ. ಕಹಿ ಎಲ್ಲೋ ದೂರದಲ್ಲಿದ್ದಂತೆ ತೋರುತ್ತದೆ. ಮಧುರವಂತೂ ಇಲ್ಲವೇ ಇಲ್ಲ. ಆಯುರ್ವೇದವು ಹೇಳುವ ಆರು ರಸಗಳಲ್ಲಿ ಜನಸಾಮಾನ್ಯರು ಮೊದಲು ಬಯಸುವ ಮಧುರವನ್ನೇ ಇದು ಬಿಟ್ಟುಕೊಟ್ಟಿದೆ. ಇದೇ ಇದರ ಪ್ರಾಣ, ಇದೇ ಇದಕ್ಕೆ ಬಂದ ಪ್ರಾಣಸಂಕಟವೂ ಹೌದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಬೆಲ್ಜಿಯಂ ಜನರ ನಾಲಗೆ ಸೀಸೆಯ ಸಿಹಿ ಪಾನಕಗಳಿಗೆ ಒಗ್ಗಿತು. ದೊಡ್ಡ ತಯಾರಕರು ಗೂಜಿಗೆ ಸಕ್ಕರೆ ಬೆರಸಿದರು, ಬಿಸಿ ಮಾಡಿ ಜೀವಾಣುಗಳನ್ನು ಕೊಂದರು, ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಸಕ್ಕರೆಯನ್ನು ಒಲ್ಲದ ಸಣ್ಣ ಮನೆಗಳು ಒಂದೊಂದಾಗಿ ಬಾಗಿಲು ಹಾಕಿದುವು. ಕಾಂತಿಯೋನ್ ಮನೆಯ ಅಳಿಯನಾಗಿ ಬಂದು ಮಾವನಿಂದ ಕೆಲಸವನ್ನು ಕಲಿತ ಝಾನ್ ಪಿಯೇರ್ ವಾನ್ ರಾಯ್ ಎಂಬವರು ೧೯೭೮ರಲ್ಲಿ ಒಂದು ಉಪಾಯ ಮಾಡಿದರು: ಮನೆಯನ್ನೇ ಸಂಗ್ರಹಾಲಯವೆಂದು ಸಾರಿ ಬಾಗಿಲು ತೆರೆದರು. ಸತ್ತುಹೋದ ವಸ್ತುಗಳನ್ನಿಡುವ ಸ್ಥಳಕ್ಕೆ ಸಂಗ್ರಹಾಲಯವೆಂದು ಹೆಸರಷ್ಟೆ. ಬದುಕಿರುವುದನ್ನು ಉಳಿಸಿಕೊಳ್ಳಲು ಆ ಹೆಸರನ್ನು ಆಶ್ರಯಿಸಬೇಕಾಗಿ ಬಂದುದು ಕಾಲದ ವೈಪರೀತ್ಯ.

ಇಷ್ಟು ಕಟ್ಟುನಿಟ್ಟಾದ ಮನೆ ಪ್ರಯೋಗಗಳಿಗೆ ಹೆಸರಾಗಿರುವುದು ವಿಚಿತ್ರವೆಂದು ತೋರಬಹುದು. ಆದರೆ ಆ ದೇಶದಲ್ಲಿ ಪ್ರಯೋಗಕ್ಕೆ ಅಡ್ಡಿಯೇನೂ ಇರಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ ೧೫೧೬ರಲ್ಲಿಯೇ ಬಿಯರಿಗೆ ಜವೆಗೋಧಿ, ಹಾಪ್, ನೀರು ಇವು ಮೂರು ಹೊರತು ಮತ್ತೇನೂ ಸಲ್ಲದೆಂದು ರಾಜಶಾಸನ ಹುಟ್ಟಿತು. ಬೆಲ್ಜಿಯಂ ಇಂತಹ ಕಟ್ಟಿಗೆ ಒಳಪಡಲಿಲ್ಲವಾಗಿ ಅಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಹಣ್ಣುಗಳು ಮೊದಲಿನಿಂದಲೂ ನಡೆದುಬಂದಿವೆ. ಹುಳಿಚೆರಿ ಹಣ್ಣನ್ನು ಲ್ಯಾಂಬಿಕ್ಕಿನಲ್ಲಿ ತಿಂಗಳುಗಟ್ಟಲೆ ನೆನೆಯಿಟ್ಟು ಮಾಡುವ 'ಕ್ರೀಕ್' ಎಂಬುದು ಹಳ್ಳಿಗರ ಸಂಪ್ರದಾಯವೇ ಆಗಿದೆ. ೧೯೭೦ರ ದಶಕದಲ್ಲಿ ಝಾನ್ ಪಿಯೇರರು ಇದೇ ದಾರಿಯಲ್ಲಿ ಮುಂದುವರಿದು ದ್ರಾಕ್ಷಿಯನ್ನು ನೆನೆಯಿಟ್ಟರು. ಅನಂತರ ಜರ್ದಾಳು ಬಂದಿತು, ಅದಕ್ಕೆ 'ಫೂಫೂನ್' ಎಂದು ಹೆಸರಾಯಿತು. ಈ ಹಣ್ಣಿನ ಬಿಯರುಗಳಲ್ಲಿ ಒಂದು ವಿಶೇಷವುಂಟು. ಹಣ್ಣು ತಂದ ಸಕ್ಕರೆಯನ್ನು ಯೀಸ್ಟು ಪೂರ್ತಿಯಾಗಿ ತಿಂದುಬಿಡುತ್ತದೆ. ಉಳಿಯುವುದು ಬಣ್ಣ, ಗಂಧ, ಸಿಪ್ಪೆಯ ಒಗರು, ಬೀಜದ ಬಾದಾಮಿಯಂತಹ ಎಳೆ. ಹಣ್ಣೆಂದು ಮೂಗು ಹೇಳುತ್ತದೆ, ಸಿಹಿಯಿಲ್ಲವೆಂದು ನಾಲಗೆ ಹೇಳುತ್ತದೆ. ವಾಚ್ಯವು ಹೋಗಿ ಧ್ವನಿಯುಳಿದಂತಾಯಿತು. ಸಕ್ಕರೆ ಬೆರಸಿದ ಅಂಗಡಿಯ ಕ್ರೀಕನ್ನು ಇದರ ಪಕ್ಕದಲ್ಲಿಟ್ಟರೆ ಭೇದವು ಮಕ್ಕಳಿಗೂ ತಿಳಿಯುವಂತಿದೆ ಎಂದು ಬರೆಯಹೊರಟ ಲೇಖನಿಗೆ, ಮಕ್ಕಳಿಗೆ ಅದು ತಿಳಿಯಬೇಕಾಗಿಲ್ಲವೆಂಬುದು ತಡವಾಗಿ ಹೊಳೆಯುತ್ತದೆ.

ವಿಮರ್ಶೆಗೆ ನಿಜವಾದ ಕೆಲಸ ಕೊಡುವುದು ೧೯೯೮ರ 'ಐರಿಸ್'. ಸಂಗ್ರಹಾಲಯಕ್ಕೆ ಇಪ್ಪತ್ತು ವರ್ಷ ತುಂಬಿದ ನೆನಪಿಗಾಗಿ ಮಾಡಿದ ಈ ಬಿಯರಿಗೆ ಬ್ರಸೆಲ್ಸಿನ ಲಾಂಛನವಾದ ಹೂವಿನ ಹೆಸರನ್ನಿಟ್ಟರು. ಇದರಲ್ಲಿ ಗೋಧಿಯೇ ಇಲ್ಲ. ಹಾಪ್ ಹೂವಿನಲ್ಲಿ ಅರ್ಧ ಹಳತು, ಅರ್ಧ ಹೊಸತು. ಎರಡು ವರ್ಷ ಪೀಪಾಯಿಯಲ್ಲಿದ್ದ ಮೇಲೆ ಸೀಸೆಗೆ ತುಂಬುವುದಕ್ಕೆ ಎರಡು ವಾರ ಮುಂಚೆ ಮತ್ತೆ ಹೊಸ ಹೂವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಒಳಗೆ ಇಳಿಬಿಡುತ್ತಾರೆ. ಹಣ್ಣನ್ನು ಸೇರಿಸುವುದು ಸಿದ್ಧವಾದ ಲ್ಯಾಂಬಿಕ್ಕಿಗೆ ಆಭರಣ ತೊಡಿಸಿದ ಹಾಗೆ. ಐರಿಸ್ಸಿನಲ್ಲಿ ಶರೀರವನ್ನೇ ಬದಲಾಯಿಸಿದರು. ಧಾನ್ಯದ ನಿಯಮ ಹೋಯಿತು, ಹಳೆಯ ಹೂವಿನ ನಿಯಮ ಅರ್ಧ ಹೋಯಿತು. ಶಾಸ್ತ್ರದ ಲಕ್ಷಣವನ್ನು ಹಿಡಿದು ನೋಡಿದರೆ ಇದನ್ನು ಲ್ಯಾಂಬಿಕ್ ಎನ್ನುವಂತಿಲ್ಲ. ಆದರೂ ಸವಿದವರು ಇದನ್ನು ಆ ಮನೆಯ ಕೂಸೆಂದೇ ಗುರುತಿಸುತ್ತಾರೆ. ಕಾರಣವೇನು? ತಾಮ್ರದ ತೊಟ್ಟಿಯಲ್ಲಿ ಕಳೆದ ಒಂದು ರಾತ್ರಿ, ಮರದೊಳಗೆ ಕಳೆದ ಎರಡು ವರ್ಷ, ಇವೆರಡು ಮಾತ್ರ ಬದಲಾಗಲಿಲ್ಲ. ಕಾವ್ಯದಲ್ಲಿ ವಿಭಾವಾದಿಗಳು ಎಷ್ಟೇ ಮಾರ್ಪಟ್ಟರೂ ಸ್ಥಾಯಿಯು ನಿಂತಿದ್ದರೆ ರಸಕ್ಕೆ ಹಾನಿಯಿಲ್ಲ. ಈ ಪಾನದ ಸ್ಥಾಯಿಯು ಧಾನ್ಯದಲ್ಲಿದೆಯೆಂದೋ ಹೂವಿನಲ್ಲಿದೆಯೆಂದೋ ನಂಬಿದ್ದವರಿಗೆ, ಅದು ಗಾಳಿಯಲ್ಲಿಯೂ ಕಾಲದಲ್ಲಿಯೂ ಇದೆಯೆಂದು ತೋರಿಸಿಕೊಟ್ಟುದೇ ಐರಿಸ್ಸಿನ ಪ್ರಯೋಜನ. ಪ್ರಯೋಗವು ಹೊಸದನ್ನು ಹುಟ್ಟಿಸಿದುದಕ್ಕಿಂತ ಹಳೆಯದನ್ನು ಅರ್ಥಮಾಡಿಸಿದುದೇ ಇಲ್ಲಿ ಹೆಚ್ಚು.

ಮಗ ಝಾನ್ ವಾನ್ ರಾಯ್ ತಂದೆಯ ಕೆಲಸವನ್ನು ವಹಿಸಿಕೊಂಡ ಮೇಲೆ ೨೦೦೮ರಿಂದ 'ಜ್ವಾಂಜೆ' ಎಂಬ ಹೆಸರಿನ ಪ್ರಯೋಗ ಬಿಯರುಗಳು ಬಂದುವು. ಬ್ರಸೆಲ್ಸಿನ ಆಡುಮಾತಿನಲ್ಲಿ ಜ್ವಾಂಜೆ ಎಂದರೆ ಕುಚೋದ್ಯ. ನೆಟ್ಟಗಿನ ಮುಖದಿಂದ ಆಡುವ ಹಾಸ್ಯ. ಮೊದಲನೆಯ ವರ್ಷ ರೇವಲ್ಚಿನ್ನಿಯ ಜಾತಿಗೆ ಸೇರಿದ ರೂಬಾರ್ಬ್ ಗಿಡದ ಹುಳಿದಂಟನ್ನು ಲ್ಯಾಂಬಿಕ್ಕಿಗೆ ಹಾಕಿದರು. ಹುಳಿಗೆ ಹುಳಿಯನ್ನು ಸೇರಿಸುವುದು ಪುನರುಕ್ತಿದೋಷವಲ್ಲವೆ ಎಂದು ತಾರ್ಕಿಕನು ಕೇಳಬಹುದು. ಅಡಿಗೆ ಬಲ್ಲವರು ಕೇಳಲಾರರು. ಹುಣಿಸೆಯ ಹುಳಿ ಬೇರೆ, ನಿಂಬೆಯದು ಬೇರೆ, ಮುರುಗಲಿನದು ಬೇರೆ, ಮಜ್ಜಿಗೆಯದು ಬೇರೆ. ಸಾರಿಗೆ ಹುಣಿಸೆ ಬಿದ್ದ ಮೇಲೂ ಇಳಿಸುವಾಗ ನಿಂಬೆ ಹಿಂಡುವ ಕೈಗೆ ಆಮ್ಲವೆಂಬ ಒಂದೇ ಹೆಸರು ಸಾಲದೆಂದು ಗೊತ್ತು. ಲ್ಯಾಂಬಿಕ್ಕಿನ ಹುಳಿ ಮೊಸರಿನ ಬಂಧು. ರೂಬಾರ್ಬಿನದು ಹಸುರು ಸೊಪ್ಪಿನ ಬಂಧು. ಎರಡೂ ಸೇರಿದಾಗ ಒಂದರ ಹಿಂದೆ ಇನ್ನೊಂದು ನೆರಳಿನಂತೆ ನಿಲ್ಲುತ್ತದೆ. ೨೦೦೯ರಲ್ಲಿ ಎಲ್ಡರ್ ಎಂಬ ಮರದ ಬಿಳಿಯ ಹೂಗೊಂಚಲನ್ನು ನೆನೆಯಿಟ್ಟರು. ಅದು ಜನರಿಗೆ ಹಿಡಿಸಿ ಆಮೇಲೆ 'ಮಾಮೂಷ್' ಎಂಬ ಹೆಸರಿನಿಂದ ಮನೆಯ ಬಿಯರುಗಳಲ್ಲಿ ಒಂದಾಗಿ ನಿಂತಿತು. ಹೂವು ಸಂಚಾರೀಭಾವದಂತೆ ಬಂದು ಹೋಗುವ ವಸ್ತು; ಸ್ಥಾಯಿಯನ್ನು ಬೆಳಗಿಸಿ ತಾನು ಮರೆಯಾಗುತ್ತದೆ. ಕುಚೋದ್ಯವಾಗಿ ಹುಟ್ಟಿದುದು ಮನೆಯಲ್ಲಿ ಉಳಿದ ಉದಾಹರಣೆ ಇದು.

೨೦೧೭ರ ಜ್ವಾಂಜೆಯನ್ನು ಹೀಗೆ ನಿರಾತಂಕವಾಗಿ ಹೊಗಳಲಾಗದು. ಆ ವರ್ಷ ಸೇರಿಸಿದುದು ಊಲಾಂಗ್ ಎಂಬ ಚಹದ ಎಲೆ. ಯುಕ್ತಿಯೇನೋ ಇದೆ: ಚಹವೂ ಓಕ್ ಮರವೂ ಎರಡೂ ಒಗರು, ಕಷಾಯರಸದ ಸೇತುವೆಯ ಮೇಲೆ ಎರಡೂ ಕೂಡಬಹುದೆಂಬ ಎಣಿಕೆ. ಆದರೆ ಚಹವು ಹೂವಿನಂತೆ, ದಂಟಿನಂತೆ ಪರಾಶ್ರಯವನ್ನು ಬೇಡುವ ದ್ರವ್ಯವಲ್ಲ. ಕಿತ್ತು, ಬಾಡಿಸಿ, ತಿರುವಿ, ಹುರಿದು ಪಕ್ವಗೊಳಿಸಿದ ಆ ಎಲೆಗೆ ತನ್ನದೇ ಒಂದು ಸಂಪ್ರದಾಯವುಂಟು, ತನ್ನದೇ ರಸಿಕರುಂಟು. ಒಂದು ಪ್ರಬಂಧದಲ್ಲಿ ಅಂಗಿರಸವು ಒಂದೇ ಇರತಕ್ಕುದು, ಉಳಿದುವು ಅಂಗವಾಗಿ ನಡೆಯತಕ್ಕುವು ಎಂಬ ಆನಂದವರ್ಧನನ ನಿಯಮವನ್ನು ಇಲ್ಲಿಗೆ ತಂದರೆ, ಒಂದು ಲೋಟದಲ್ಲಿ ಇಬ್ಬರು ಯಜಮಾನರನ್ನು ಕೂಡಿಸಿದಂತಾಯಿತೆನ್ನಬೇಕು. ಚಹವು ಮಾಮೂಷಿನಂತೆ ಮನೆಯಲ್ಲಿ ನೆಲೆಗೊಳ್ಳಲಿಲ್ಲವಾದುದು ಅಚ್ಚರಿಯಲ್ಲ. ಹಾಗೆಂದು ಈ ಪ್ರಯತ್ನ ವ್ಯರ್ಥವೆನ್ನಲಾಗದು. ಕುಚೋದ್ಯವೆಂದು ತಾನೇ ಹೆಸರಿಟ್ಟು ಮುಂದಿಟ್ಟವನನ್ನು ಗಂಭೀರನಾಗಿರಲಿಲ್ಲವೆಂದು ದೂರುವುದು ವಿಮರ್ಶಕನಿಗೆ ಶೋಭೆಯಲ್ಲ.

ಇದೇ ನಗರದಲ್ಲಿ ಮತ್ತೊಂದು ತೆರನಾದ ಪ್ರಯೋಗಶಾಲೆಯೂ ಹುಟ್ಟಿತು. 'ಬ್ರಸೆಲ್ಸ್ ಬಿಯರ್ ಪ್ರಾಜೆಕ್ಟ್' ಎಂಬ ಸಂಸ್ಥೆ ೨೦೧೩ರಲ್ಲಿ ಜನರಿಂದ ಚಂದಾ ಹಣವನ್ನೆತ್ತಿ ಆರಂಭವಾಯಿತು. ೨೦೧೫ರಲ್ಲಿ ಡಾನ್ಸಾರ್ಟ್ ಬೀದಿಯಲ್ಲಿ, ಕಾಸುವುದೂ ಕುಡಿಯಲು ಕೊಡುವುದೂ ಒಂದೇ ಸೂರಿನಡಿ ನಡೆಯುವಂತೆ, ಚಿಕ್ಕ ಮನೆಯೊಂದನ್ನು ತೆರೆಯಿತು. ಅವರ ಮೊದಲ ಬಿಯರಿನ ಇತಿಹಾಸ ಸ್ವಾರಸ್ಯವಾಗಿದೆ. ನಾಲ್ಕು ಮಾದರಿಗಳನ್ನು ತಯಾರಿಸಿ, ಗ್ರೀಕ್ ಅಕ್ಷರಮಾಲೆಯ ಮೊದಲ ನಾಲ್ಕು ಅಕ್ಷರಗಳ ಹೆಸರನ್ನಿಟ್ಟು, ಜನರಿಗೆ ರುಚಿ ತೋರಿಸಿ ಮತ ಕೇಳಿದರು. ನಾಲ್ಕನೆಯದಾದ 'ಡೆಲ್ಟಾ' ಗೆದ್ದಿತು. ಮಾರಾಟವಾಗದೆ ಉಳಿದ ಬ್ರೆಡ್ಡನ್ನು ಧಾನ್ಯದ ಒಂದು ಪಾಲಿಗೆ ಬದಲಾಗಿ ಹಾಕಿ 'ಬಾಬಿಲೋನ್' ಎಂಬುದನ್ನು ಮಾಡಿದರು. ಎಸೆಯುವ ಅನ್ನವನ್ನು ಉಳಿಸುವ ಬುದ್ಧಿ ಎಲ್ಲಿ ಕಂಡರೂ ಗೌರವಕ್ಕೆ ಪಾತ್ರ. ಮಠದ ಹೆಸರು ಹೇಳಿಕೊಂಡು ಬದುಕುತ್ತಿದ್ದ ಬೆಲ್ಜಿಯಂ ಬಿಯರಿನ ಜಾಡ್ಯವನ್ನು ಇಂತಹವರು ಒದರಿಸಿದರೆಂಬುದನ್ನೂ ಒಪ್ಪಬೇಕು. ಆದರೆ ವಿಮರ್ಶೆಯ ಮುಂದೆ ಒಂದು ತೊಡಕು ಉಳಿಯುತ್ತದೆ. ಹೊಸದು ಹೊಸದೆಂದು ವರ್ಷದುದ್ದಕ್ಕೂ ಬರುತ್ತಿರುವ ಸಣ್ಣ ಪಾಕಗಳಲ್ಲಿ ಈ ತಿಂಗಳಿನದನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಹಿಂದಿನ ತಿಂಗಳಿನದು ಬೇರೊಂದೇ ಜಾತಿ. ಸ್ಥಾಯಿಯು ಯಾವುದೆಂದು ಹೇಳಲಾಗದ ಕಡೆ ನಾವೀನ್ಯವನ್ನು ಅಳೆಯಲೂ ಆಗದು. ಹಳೆಯ ಅರ್ಥಗಳೇ ರಸದ ಪರಿಗ್ರಹದಿಂದ ವಸಂತಕಾಲದ ಮರಗಳಂತೆ ಹೊಸದಾಗಿ ತೋರುವುವೆಂಬ ಭಾವವನ್ನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಕಾಣುತ್ತೇವೆ. ಅಲ್ಲಿ ಚಿಗುರು ಹೊಸತು, ಮರ ಅದೇ. ಡಾನ್ಸಾರ್ಟ್ ಬೀದಿಯಲ್ಲಿ ಚಿಗುರುಗಳು ಹೇರಳವಾಗಿದ್ದುವು.

ಇನ್ನು ಸವಿಯುವವರ ಮಾತಿಗೆ ಬರಬೇಕು. ಬಿಯರನ್ನು ಕುರಿತು ಗೌರವದಿಂದ ಬರೆಯಬಹುದೆಂದು ಜಗತ್ತಿಗೆ ತೋರಿಸಿದವನು ಮೈಕಲ್ ಜಾಕ್ಸನ್ ಎಂಬ ಇಂಗ್ಲಿಷ್ ಪತ್ರಕರ್ತನು. ೧೯೪೨ರಿಂದ ೨೦೦೭ರವರೆಗೆ ಬದುಕಿದ್ದ ಇವನು ೧೯೭೭ರಲ್ಲಿ ಜಗತ್ತಿನ ಬಿಯರುಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೂ, ೧೯೯೧ರಲ್ಲಿ ಬೆಲ್ಜಿಯಂ ಬಿಯರುಗಳನ್ನೇ ಕುರಿತು ಇನ್ನೊಂದನ್ನೂ ಪ್ರಕಟಿಸಿದನು. ಊರು, ಮನೆತನ, ನೀರು, ಇತಿಹಾಸ, ಇವುಗಳ ನಡುವೆ ಬಿಯರನ್ನಿಟ್ಟು ನೋಡುವುದು ಅವನ ರೀತಿ. ಅದೇ ಕಾಲದಲ್ಲಿ ಮೈಲ್ಗಾರ್ಡ್ ಎಂಬ ಡೆನ್ಮಾರ್ಕಿನ ವಿಜ್ಞಾನಿಯು ಬಿಯರಿನ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಬರೆದು ನೂರಕ್ಕೂ ಮೇಲ್ಪಟ್ಟ ಪರಿಭಾಷೆಗಳನ್ನು ಹೊಂದಿಸಿಕೊಟ್ಟನು. ತಯಾರಕರು ತಮ್ಮ ತಮ್ಮೊಳಗೆ ದೋಷವನ್ನು ಗುರುತಿಸುವುದಕ್ಕೆ ಇದು ಬಹಳ ಉಪಯುಕ್ತವಾದ ಸಾಧನ. ಕೇಡು ಉಂಟಾದುದು ಅದು ರಸಿಕರ ಕೈಗೆ ಬಂದ ಮೇಲೆ. ಈಗಿನ ರುಚಿಟಿಪ್ಪಣಿಗಳನ್ನು ಓದಿದರೆ ನಿಂಬೆಯ ಸಿಪ್ಪೆ, ಹಸಿರು ಸೇಬು, ಒದ್ದೆ ಹುಲ್ಲು, ಹಳೆಯ ಚರ್ಮ, ಕುದುರೆಯ ಬೆನ್ನಿನ ಕಂಬಳಿ ಎಂದು ಮುಂತಾಗಿ ಒಂದು ಸಾಮಾನು ಪಟ್ಟಿ ಕಾಣುತ್ತದೆ. ಬ್ರೆಟನೊಮೈಸಿಸ್ಸಿನ ಗಂಧಕ್ಕೆ ಕುದುರೆಯ ಕಂಬಳಿ ಎಂಬುದು ಸಂಕೇತವೇ ಆಗಿಹೋಗಿದೆ. ಅದನ್ನು ಬರೆಯುವವರಲ್ಲಿ ಕುದುರೆ ಸಾಕಿದವರು ಎಷ್ಟು ಮಂದ್ಯೋ! ಉದ್ಯಾನ, ಚಂದ್ರೋದಯ, ಮಂದಮಾರುತ ಎಂದು ವಿಭಾವಗಳನ್ನು ಎಣಿಸಿದ ಮಾತ್ರಕ್ಕೆ ಶೃಂಗಾರವಾಗುವುದಿಲ್ಲ. ಪಾನಕವನ್ನು ಕುಡಿಯುವವನಿಗೆ ಬೆಲ್ಲ ಮೆಣಸುಗಳು ಬೇರೆ ಬೇರೆಯಾಗಿ ತೋರದೆ ಅಖಂಡವಾದ ಒಂದು ರುಚಿಯಾಗಿ ತೋರುವುದೆಂದು ಅಭಿನವಗುಪ್ತನ ಪರಂಪರೆ ಹೇಳುವುದು. ಅಖಂಡವಾದುದನ್ನು ಖಂಡಖಂಡವಾಗಿ ಒಡೆದು ತೋರಿಸುವ ಟಿಪ್ಪಣಿಯು ಪದಚ್ಛೇದ ಮಾಡಿ ಶ್ಲೋಕವನ್ನು ವ್ಯಾಖ್ಯಾನಿಸಿದೆನೆಂದು ನಂಬಿದ ಎಳೆಯ ವಿದ್ಯಾರ್ಥಿಯಂತೆ. ಪದಚ್ಛೇದವಿಲ್ಲದೆ ಅರ್ಥವಾಗದು, ನಿಜ. ಅಲ್ಲಿಯೇ ನಿಂತರೂ ಅರ್ಥವಾಗದು.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಏನನ್ನು ಕೊಟ್ಟರೂ ರುಚಿಸದ ಅರೋಚಕಿ. ಹುಲ್ಲನ್ನೂ ಅನ್ನದೊಡನೆ ಸೇರಿಸಿ ತಿಂದುಬಿಡುವ ಸತೃಣಾಭ್ಯವಹಾರಿ. ಪರರ ಗುಣವನ್ನು ಸಹಿಸದ ಮತ್ಸರಿ. ತತ್ತ್ವದಲ್ಲಿಯೇ ಮನಸ್ಸಿಟ್ಟ ತತ್ತ್ವಾಭಿನಿವೇಶಿ. ಹೆಸರುಗಳು ಊಟದ ಮನೆಯಿಂದ ಬಂದುವಾದ ಕಾರಣ ಇಂದಿನ ಬಿಯರು ಮನೆಗೂ ಚೆನ್ನಾಗಿ ಒಪ್ಪುತ್ತವೆ. ಹಲಗೆಯ ಮೇಲೆ ನಾಲ್ಕೋ ಆರೋ ಪುಟ್ಟ ಲೋಟಗಳನ್ನು ಸಾಲಾಗಿಟ್ಟು ತಂದುಕೊಡುವ ಪದ್ಧತಿ ಸತೃಣಾಭ್ಯವಹಾರಿಯನ್ನು ಸಾಕುವುದಕ್ಕೆಂದೇ ಹುಟ್ಟಿದಂತಿದೆ. ಮೂರನೆಯ ಲೋಟದ ವೇಳೆಗೆ ಹುಳಿಗೆ ಒಗ್ಗಿದ ನಾಲಗೆ ಹುಳಿಯನ್ನು ಕಾಣದು. ಐದನೆಯದರ ವೇಳೆಗೆ ಮದ್ಯವೇ ವಿಮರ್ಶೆ ಮಾಡತೊಡಗುತ್ತದೆ. ಆ ಸ್ಥಿತಿಯಲ್ಲಿ ಹಾಕಿದ ಅಂಕಗಳನ್ನು ಕೂಡಿ ಭಾಗಿಸಿ ಜಗತ್ತಿನ ಶ್ರೇಷ್ಠ ಬಿಯರುಗಳ ಪಟ್ಟಿ ತಯಾರಾಗುವುದು. ಬಿಸಿ ಉಪ್ಪಿಟ್ಟು, ಹುಳಿಯನ್ನ, ಕಾಯಿಹೋಳಿಗೆಗಳನ್ನು ಒಂದೊಂದು ಚಮಚದಂತೆ ಒಂದೇ ಬಾರಿಗೆ ನಾಲಗೆಗೆ ಸೋಕಿಸಿಕೊಂಡು ಅಡಿಗೆಯವನಿಗೆ ಪ್ರಶಸ್ತಿಪತ್ರ ಬರೆದವರನ್ನು ಯಾವ ಮದುವೆಯ ಮನೆಯಲ್ಲಿಯೂ ಗೌರವಿಸುವುದಿಲ್ಲ.

ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುವಾಗ, ಸವಿಯುವವನು ತನ್ನ ಸ್ವಂತ ಸುಖದುಃಖಗಳಿಗೆ ಕಟ್ಟುಬಿದ್ದಿರುವುದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಲಾಭದ ಆಸೆಯೂ ಅಂತಹುದೇ. ಜ್ವಾಂಜೆಯ ಸೀಸೆಗಳನ್ನು ಕೊಂಡು ಬಿರಡೆ ತೆಗೆಯದೆ ಹಲವು ಪಾಲು ಹೆಚ್ಚು ಬೆಲೆಗೆ ಮಾರುವವರು ಹುಟ್ಟಿಕೊಂಡರು. ಸವಿಯಬೇಕಾದ ವಸ್ತು ಬಡ್ಡಿಗೆ ಕೊಟ್ಟ ಹಣವಾಯಿತು. ಝಾನ್ ವಾನ್ ರಾಯ್ ಇದನ್ನು ನೋಡಿ ೨೦೧೧ರಿಂದ ಬೇರೆ ಏರ್ಪಾಡು ಮಾಡಿದರು. ವರ್ಷದಲ್ಲಿ ಒಂದು ದಿನ, ಆರಿಸಿದ ಕೆಲವು ಪಾನಗೃಹಗಳಲ್ಲಿ, ನಾನಾ ದೇಶಗಳಲ್ಲಿ ಒಂದೇ ಹೊತ್ತಿಗೆ ಪೀಪಾಯಿಯನ್ನು ತೆರೆದು ಅಲ್ಲಿ ನೆರೆದವರಿಗೆ ಲೋಟದಲ್ಲಿ ಕೊಡುವುದು. ಲೋಟದಲ್ಲಿ ಬಂದುದನ್ನು ಕೂಡಿಡಲಾಗದು, ಕುಡಿಯಲೇಬೇಕು. ನಾಟಕವನ್ನು ಓದುವ ಪುಸ್ತಕದಿಂದ ಎತ್ತಿ ಮತ್ತೆ ರಂಗಕ್ಕೆ ತಂದ ಹಾಗಾಯಿತು. ಈ ಒಂದು ಏರ್ಪಾಡಿನಲ್ಲಿ ಚಹದ ಜ್ವಾಂಜೆಗಿಂತ ಹೆಚ್ಚಿನ ಪ್ರತಿಭೆ ಕಾಣುತ್ತದೆ.

ಬೆಲ್ಜಿಯಂ ಜನರ ಬಿಯರು ಸಂಸ್ಕೃತಿಯನ್ನು ೨೦೧೬ರಲ್ಲಿ ಯುನೆಸ್ಕೋ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಕ್ಕರೆಯ ಕಂಟಕದಿಂದ ಪಾರಾಗಿ, ಊರೂರುಗಳಿಂದ ಜನ ಹುಡುಕಿಕೊಂಡು ಬರುವಷ್ಟು ಕೀರ್ತಿ ಪಡೆದ ಗ್ಯೂಡ್ ಬೀದಿಯ ಮನೆಗೆ ಈಗ ಬಂದಿರುವ ಕಂಟಕವು ನಾಲಗೆಗೆ ಸಂಬಂಧಪಟ್ಟುದಲ್ಲ. ಮಾಳಿಗೆಯ ತೊಟ್ಟಿಯಲ್ಲಿ ಸಾರವು ಸರಿಯಾಗಿ ತಣಿಯಬೇಕಾದರೆ ರಾತ್ರಿಯ ಚಳಿ ಸೊನ್ನೆಗೆ ಮೂರು ಡಿಗ್ರಿ ಕೆಳಗಿನಿಂದ ಎಂಟು ಡಿಗ್ರಿ ಮೇಲಿನವರೆಗೆ ಇರಬೇಕು. ಸೆಕೆ ಹೆಚ್ಚಿದರೆ ಬೇಡದ ಜೀವಾಣುಗಳು ಮೊದಲು ಬಂದು ಕುಳಿತುಕೊಳ್ಳುವುವು. ಬೇಕಾದವುಗಳಿಗೆ ಎಡೆ ಸಿಕ್ಕದು. ಆದುದರಿಂದಲೇ ಇಲ್ಲಿ ಚಳಿಗಾಲದಲ್ಲಿ ಮಾತ್ರ ಕಾಸುವುದು. ತಾತನ ಕಾಲದಲ್ಲಿ ಅಕ್ಟೋಬರಿನ ನಡುವಿನಿಂದ ಮೇ ತಿಂಗಳವರೆಗೆ ಕೆಲಸ ನಡೆಯುತ್ತಿದ್ದಿತೆಂದು ಮೊಮ್ಮಗ ಹೇಳುತ್ತಾರೆ. ತಕ್ಕ ಚಳಿಯಿರುವ ದಿನಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವರ್ಷಕ್ಕೆ ಸುಮಾರು ೧೬೫ ಇದ್ದುವು, ಈಗ ಸುಮಾರು ೧೪೦ಕ್ಕೆ ಇಳಿದಿವೆ ಎಂದು ಹಳೆಯ ಉಷ್ಣಮಾನದ ದಾಖಲೆಗಳಿಂದ ಲೆಕ್ಕ ಹಾಕಿದ್ದಾರೆ. ಗೋಧಿಯನ್ನು ಬಿಟ್ಟು ನೋಡಿದರು, ನಡೆಯಿತು. ಹೂವನ್ನು ಬದಲಿಸಿ ನೋಡಿದರು, ನಡೆಯಿತು. ದಂಟು, ಹೂ, ಚಹ, ಎಲ್ಲವನ್ನೂ ಪೀಪಾಯಿ ತಾಳಿಕೊಂಡಿತು. ಐರಿಸ್ಸಿನ ಪ್ರಯೋಗವು ಯಾವುದನ್ನು ಸ್ಥಾಯಿಯೆಂದು ತೋರಿಸಿಕೊಟ್ಟಿತೋ ಅದು ಮಾತ್ರ ಕಾಸುವವನ ಕೈಯೊಳಗಿನ ವಸ್ತುವಲ್ಲ. ೨೦೧೫ರ ನವೆಂಬರಿನಲ್ಲಿ ಬ್ರಸೆಲ್ಸಿನ ರಾತ್ರಿಗಳು ಬೆಚ್ಚಗಾಗಿದ್ದುವು. ಕೊಪ್ಪರಿಗೆಯೂ ಧಾನ್ಯವೂ ಹೂವೂ ಸಿದ್ಧವಾಗಿದ್ದರೂ ಝಾನ್ ವಾನ್ ರಾಯ್ ಕಾಸುವುದನ್ನು ನಿಲ್ಲಿಸಿ ಚಳಿ ಬರುವುದನ್ನು ಕಾದರು.